ಜೂನ್ ಒಂದರ ಮಕ್ಕಳು

ದೂರಕಕ್ಷೆ ಮಾನವಯಾನ ನೀತಿ ನಲವತ್ತೊಂದು ಪುಟಗಳದು. ಅದನ್ನು ಬರೆಯಲು ಹನ್ನೊಂದು ವರ್ಷ ಹಿಡಿಯಿತು. ಮೂರು ಸರ್ಕಾರಗಳು, ನಾಲ್ಕು ಸಮಿತಿಗಳು. ಮೊದಲ ಕರಡಿನ ಪ್ರಕಾರ ನಮ್ಮವರು ಚಂದ್ರನವರೆಗೆ ಹೋಗಬಹುದಿತ್ತು. ಎರಡನೆಯದರ ಪ್ರಕಾರ ಹೋಗಬಾರದಿತ್ತು. ಮೂರನೆಯದರಲ್ಲಿ, ಹೋಗುವುದನ್ನು ಪರಿಶೀಲಿಸಬಹುದು ಎಂದಿತ್ತು. ಕೊನೆಗೆ ಹೋಗಬಹುದು ಎಂದಾಯಿತು. ಆದರೆ ಹದಿನಾಲ್ಕನೆಯ ಕಲಮು ಸೇರಿಕೊಂಡಿತು.

ಹದಿನಾಲ್ಕನೆಯ ಕಲಮು ವಯಸ್ಸಿನದು. ಕೆಳಕಕ್ಷೆಯಲ್ಲಿ ಸುತ್ತುವವರಿಗೆ ಭೂಮಿಯ ಕಾಂತಕ್ಷೇತ್ರದ ಮರೆ ಇರುತ್ತದೆ. ಅದನ್ನು ದಾಟಿ ಚಂದ್ರನ ಕಡೆ ಹೋದವರಿಗೆ ಆ ಮರೆ ಇಲ್ಲ. ಸೂರ್ಯನಿಂದ, ನಕ್ಷತ್ರಗಳಿಂದ ಬರುವ ವಿಕಿರಣ ನೇರ ಮೈಗೆ ಬಡಿಯುತ್ತದೆ. ಅದು ಅಂದೇ ಏನೂ ಮಾಡುವುದಿಲ್ಲ. ಇಪ್ಪತ್ತು, ಮೂವತ್ತು ವರ್ಷ ಬಿಟ್ಟು ಕ್ಯಾನ್ಸರ್ ಆಗಿ ಬರುತ್ತದೆ. ಹಾಗಾಗಿ ವಯಸ್ಸಾದವರಿಗೆ ಹೆಚ್ಚು ವಿಕಿರಣ ತಗುಲಿಸಿಕೊಳ್ಳಲು ಅನುಮತಿಯಿದೆ, ಕಾಯಿಲೆ ಬರುವಷ್ಟು ವರ್ಷ ಅವರ ಮುಂದೆ ಉಳಿದಿರುವುದಿಲ್ಲ ಎಂಬ ಲೆಕ್ಕದಲ್ಲಿ. ಕ್ರೂರವಾದರೂ ಸರಿಯಾದ ಲೆಕ್ಕ. ವಿಕಿರಣದ ಅಳತೆಯನ್ನು ನಾವು ಪ್ರಯೋಗಾಲಯದವರು ಸುಮ್ಮನೆ ಅಂಕ ಎನ್ನುತ್ತೇವೆ. ಮೂವತ್ತಾರು ವರ್ಷದವರಿಗೆ ಜೀವಮಾನದಲ್ಲಿ ಐನೂರ ನಲವತ್ತು ಅಂಕ. ಒಂದೊಂದು ವರ್ಷಕ್ಕೆ ಇಪ್ಪತ್ತು ಹೆಚ್ಚು. ಮೂವತ್ತೊಂಬತ್ತು ವರ್ಷದವರಿಗೆ ಆರುನೂರು. ಮೂವತ್ತೆಂಟಕ್ಕಿಂತ ಕಡಿಮೆಯಾದರೂ ನಲವತ್ತೆರಡಕ್ಕಿಂತ ಹೆಚ್ಚಾದರೂ ದೂರಕಕ್ಷೆಗೆ ಹೋಗುವಂತಿಲ್ಲ.

ನನ್ನ ಕೆಲಸ ಆ ಅಂಕ ನೋಡುವುದು. ಬಯಲುಸೀಮೆಯ ಹಿರೇಕಾವಲು ಪಟ್ಟಣದ ಆಚೆ, ಹುಲ್ಲುಗಾವಲಿನ ನಡುವೆ ದೂರಯಾನ ಮಂಡಳಿಯ ಕೇಂದ್ರವಿದೆ. ಅಲ್ಲಿ ನಮ್ಮದೊಂದು ಯಂತ್ರ, ಕೋಶಗಡಿಯಾರ. ವಯಸ್ಸಾದಂತೆಲ್ಲ ರಕ್ತದ ಜೀವಕೋಶಗಳ ವಂಶತಂತುವಿಗೆ, ಅಂದರೆ ಡಿಎನ್‌ಎಗೆ, ಸಣ್ಣ ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಳ್ಳುತ್ತವೆ, ಕೆಲವು ಕಳಚುತ್ತವೆ. ನಮ್ಮ ಯಂತ್ರ ಅಂಥ ನಾಲ್ಕು ಸಾವಿರ ಗುರುತುಗಳನ್ನು ಓದಿ, ಎರಡು ತಿಂಗಳಷ್ಟೇ ಆಚೀಚೆಯಾಗಿ ವಯಸ್ಸು ಹೇಳುತ್ತದೆ. ಕೂದಲಿಗೆ ಬಣ್ಣ ಹಚ್ಚಿದರೂ ಯೋಗ ಮಾಡಿದರೂ ಅದನ್ನು ಏಮಾರಿಸಲು ಆಗುವುದಿಲ್ಲ.

೨೦೪೦ರ ಮಾರ್ಚ್ ತಿಂಗಳಲ್ಲಿ ಅದು ಪಾಲಾಕ್ಷಿಯ ರಕ್ತ ಓದಿ, ಮೂವತ್ತಾರು ವರ್ಷ ಆರು ತಿಂಗಳು ಎಂದಿತು. ಕಡತದಲ್ಲಿ ಮೂವತ್ತೆಂಟು ವರ್ಷ ಒಂಬತ್ತು ತಿಂಗಳು ಎಂದಿತ್ತು. ಜುಲೈನಲ್ಲಿ ಉಡಾವಣೆ. ಚಂದ್ರನ ಸುತ್ತ ತಿರುಗುವ 'ಮಜಲು' ನೆಲೆಯಲ್ಲಿ ಅವಳು ಮುನ್ನೂರು ದಿನ ಇರಬೇಕಿತ್ತು.

ಮೂರು ಸಲ ಓದಿಸಿದೆ. ಮೂರು ಸಲವೂ ಅದೇ.

ನನಗೆ ಆಶ್ಚರ್ಯವಾಗಲಿಲ್ಲ. ಪಾಲಾಕ್ಷಿ ನನ್ನ ನಾದಿನಿ. ಅವಳ ಅಣ್ಣ ಓಬಳೇಶನನ್ನು ನಾನು ಮದುವೆಯಾಗಿದ್ದೆ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಎರಡು ವರ್ಷದ ಹಿಂದೆ, ಮಟಮಟ ಮಧ್ಯಾಹ್ನ, ಬೈಪಾಸಿನಲ್ಲಿ ಲಾರಿ. ಅದರ ಬಗ್ಗೆ ಇಲ್ಲಿ ಇಷ್ಟು ಸಾಕು.

ನಾದಿನಿಯ ರಕ್ತವನ್ನು ಅತ್ತಿಗೆ ಪರೀಕ್ಷಿಸಬಹುದೇ ಎಂದು ಯಾರೂ ಕೇಳಲಿಲ್ಲ. ನೀತಿಯ ಪ್ರಕಾರ ಕುಟುಂಬವೆಂದರೆ ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು, ಒಡಹುಟ್ಟಿದವರು. ಅತ್ತಿಗೆ ಪಟ್ಟಿಯಲ್ಲಿಲ್ಲ. ಕಾಗದದಲ್ಲಿ ನಾನು ಅವಳಿಗೆ ಯಾರೂ ಅಲ್ಲ.

*

ಆ ಭಾನುವಾರ ಪಾಲಾಕ್ಷಿ ಊರಿಗೆ ಬಂದಿದ್ದಳು. ಅತ್ತೆ ಬೋರಮ್ಮ ಅಂಗಳದಲ್ಲಿ ಶೇಂಗಾ ಹರಡಿಕೊಂಡು ಜೊಳ್ಳು ಆರಿಸುತ್ತಿದ್ದರು. ಎಣ್ಣೆ ಮಿಲ್ಲಿನಲ್ಲಿ ಮೂವತ್ತು ವರ್ಷ ಅದೇ ಕೆಲಸ ಮಾಡಿದವರು. ಈಗ ಮಿಲ್ಲಿಲ್ಲ, ಕೈ ಬಿಟ್ಟಿಲ್ಲ.

"ನಿನ್ನ ಮಷೀನು ಕೆಟ್ಟೈತೆ, ಅತ್ತಿಗೆ," ಎಂದಳು ಪಾಲಾಕ್ಷಿ.

"ಮೂರು ಸಲ ನೋಡ್ದೆ ಪಾಲಿ."

"ನಾಕನೇ ಸಲ ನೋಡು. ಸುಸ್ತಾಗಿ ನಿಜ ಹೇಳ್ತದೆ."

"ನಿಜ ಹೇಳಿದ್ದಕ್ಕೇ ಅಲ್ವಾ ತೊಂದ್ರೆ ಬಂದಿರೋದು?"

ಅತ್ತೆ ತಲೆ ಎತ್ತಲಿಲ್ಲ. "ಮಷೀನು ಸರಿಯಾಗೇ ಐತೆ. ಇವಳು ಹುಟ್ಟಿದ್ದು ಶೇಂಗಾ ಬಡಿದು ಮುಗಿದ ವಾರ. ಓಬಳೇಸ ಆಗ್ಲೇ ಓಡಾಡ್ತಿದ್ದ. ಎರಡೂವರೆ ವರ್ಷಕ್ಕೂ ಮೇಲೆ ದೊಡ್ಡೋನು ಅವನು."

ಕಥೆ ನನಗೆ ಗೊತ್ತಿತ್ತು. ಓಬಳೇಶ ನೂರು ಸಲ ಹೇಳಿದ್ದ. ಅವನನ್ನು ಒಂದನೇ ಕ್ಲಾಸಿಗೆ ಸೇರಿಸಲು ಅತ್ತೆ ಹೋದಾಗ ಮೂರೂವರೆ ವರ್ಷದ ಪಾಲಾಕ್ಷಿ ಸೊಂಟದ ಮೇಲಿದ್ದಳು. ಮಿಲ್ಲಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. "ಇವಳನ್ನೂ ಬರ್ಕಳ್ಳಿ ಸಾ, ಮೂಲೇಲಿ ಕೂತಿರ್ತಾಳೆ," ಎಂದರಂತೆ. ಹೆಡ್‌ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇಬ್ಬರಿಗೂ ಒಂದೇ ತಾರೀಖು ಬರೆದರು. ೨೦೦೧ರ ಜೂನ್ ಒಂದು. ಆ ಶಾಲೆಯಲ್ಲಿ ಮುಕ್ಕಾಲು ಪಾಲು ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದ್ದವು. ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ ಆರು ತುಂಬಬೇಕಲ್ಲ.

ಹೀಗೆ ಅಣ್ಣ ತಂಗಿ ಅವಳಿ ಮಕ್ಕಳಾದರು. ಓಬಳೇಶ ಪ್ರತಿವರ್ಷ ಜೂನ್ ಒಂದರಂದು ತಂಗಿಗೆ ಫೋನ್ ಮಾಡಿ, "ಹೆಡ್‌ಮೇಷ್ಟ್ರ ಹಬ್ಬದ ಶುಭಾಶಯ" ಎನ್ನುತ್ತಿದ್ದ.

"ನಾನು ವರದಿಯಲ್ಲಿ ಬರೀಲೇಬೇಕು," ಎಂದೆ.

ಪಾಲಾಕ್ಷಿ ಶೇಂಗಾ ಸುಲಿಯುವುದನ್ನು ನಿಲ್ಲಿಸಿದಳು. "ನೀತಿ ಮಾಡೋಕೆ ಹನ್ನೊಂದು ವರ್ಷ ತಗಂಡ್ರು. ಅಷ್ಟು ದಿನ ತಯಾರಾಗಿ ಕೂತಿದ್ದೆ ನಾನು. ಮುಂದಿನ ಸರದಿ ೨೦೪೪ಕ್ಕೆ. ಅಷ್ಟೊತ್ತಿಗೆ ಕಾಗದದಲ್ಲಿ ನಂಗೆ ನಲವತ್ಮೂರು. ಈಗ ಹೋದ್ರೆ ಮಗು, ಆಮೇಲೆ ಹೋದ್ರೆ ಮುದುಕಿ. ಎರಡೂ ನಾನೇ. ನಡುವೆ ಹೋಗೋ ವಯಸ್ಸಿನೋಳು ಎಲ್ಲವಳೆ ಹೇಳು?"

"ನಿನ್ನ ಮೈ ಪಾಲಿ. ಅರವತ್ತು ಅಂಕ ಸುಮ್ನೆ ಅಲ್ಲ."

"ನನ್ನ ಮೈ ಅಂತ ನೀನೇ ಹೇಳ್ದೆ."

"ಹೋಗ್ಲಿ ಬಿಡೇ ವಾರಿಜ," ಎಂದರು ಅತ್ತೆ ನನಗೆ. ಒಂದು ಜೊಳ್ಳು ಕಾಯಿ ಎಸೆದು, "ಬ್ಯಾಡ, ಬರಿ. ಒಬ್ಬನ್ನ ಕಳಕಂಡಿದ್ದು ಸಾಕು," ಎಂದರು.

ಪಾಲಾಕ್ಷಿ ಎದ್ದು ಒಳಗೆ ಹೋದಳು.

*

ಬರೆದೆ. ಬರೆಯುವ ಮುಂಚೆ ಯಂತ್ರವನ್ನೂ ಅನುಮಾನಿಸುವುದು ನನ್ನ ಕರ್ತವ್ಯವಾಗಿತ್ತು. ಕೋಶಗಡಿಯಾರಕ್ಕೆ ವಯಸ್ಸು ಕಲಿಸಲು ಮಂಡಳಿಯ ಇನ್ನೂರು ನೌಕರರ ರಕ್ತ ತೆಗೆದುಕೊಂಡಿದ್ದರು. ಆ ಪಟ್ಟಿ ತೆಗೆಸಿ ನೋಡಿದೆ. ಇನ್ನೂರರಲ್ಲಿ ಅರವತ್ತೊಂದು ಜನ ಜೂನ್ ಒಂದಕ್ಕೆ ಹುಟ್ಟಿದ್ದರು.

ಕುರ್ಚಿಯಲ್ಲಿ ಹಾಗೇ ಕೂತೆ. ನಗು ಬರಬೇಕಿತ್ತು, ಬರಲಿಲ್ಲ. ಚಂದ್ರನಿಗೆ ಹೋಗುವವರ ವಯಸ್ಸು ಅಳೆಯುವ ಯಂತ್ರಕ್ಕೆ ಪಾಠ ಹೇಳಿದವರು ನಮ್ಮ ಹಳ್ಳಿಗಳ ಹೆಡ್‌ಮೇಷ್ಟ್ರುಗಳು. ಆ ಅರವತ್ತೊಂದು ಜನರನ್ನು ತೆಗೆದುಹಾಕಿ, ಆಸ್ಪತ್ರೆಯ ಜನನ ದಾಖಲೆ ಇದ್ದವರನ್ನಷ್ಟೇ ಇಟ್ಟುಕೊಂಡು ಯಂತ್ರವನ್ನು ಹೊಸದಾಗಿ ಹೊಂದಿಸಿದೆ. ಪಾಲಾಕ್ಷಿಯ ವಯಸ್ಸಿನಲ್ಲಿ ಇನ್ನೂ ಮೂರು ತಿಂಗಳು ಬಿದ್ದುಹೋಗಿ ಮೂವತ್ತಾರು ವರ್ಷ ಮೂರು ತಿಂಗಳು ಎಂದು ನಿಂತಿತು. ಮೊದಲ ಓದು ಮೂವತ್ತಾರು ವರ್ಷ ಆರು ತಿಂಗಳಿತ್ತು. ಅಂದರೆ ಹುಟ್ಟಿದ್ದು ೨೦೦೩ರ ಡಿಸೆಂಬರ್, ಅತ್ತೆಯ ಶೇಂಗಾ ಲೆಕ್ಕಕ್ಕೆ ಸರಿಯಾಯಿತು. ಇದನ್ನೆಲ್ಲ ವರದಿಯ ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ನಮೂದಿಸಿದೆ.

ಅದೇ ತಪ್ಪಾಯಿತು.

ಏಪ್ರಿಲ್‌ನಲ್ಲಿ ಮಂಡಳಿಯ ಬೆಂಗಳೂರು ಕಚೇರಿಗೆ ಕರೆಸಿದರು. ಆಡಳಿತಾಧಿಕಾರಿ ಅರವಿಂದ ಹಂಜಿ, ಬೆಳಗಾವಿ ಕಡೆಯವರು. ಒಳ್ಳೆಯ ಮನುಷ್ಯ. ಚಹಾ ತರಿಸಿದರು. ನನ್ನ ಅಡಿಟಿಪ್ಪಣಿಗೆ ಹಳದಿ ಬಣ್ಣ ಬಳಿದಿದ್ದರು.

"ನೋಡ್ರಿ ಮೇಡಂ, ನಿಮ್ಮ ಮಶೀನು ಮೊದಲ ಒಂದು ಹೇಳ್ತು, ಆಮ್ಯಾಲೆ ಇನ್ನೊಂದು ಹೇಳ್ತು. ಹೌದಲ್ರಿ?"

"ಮೂರು ತಿಂಗಳ ವ್ಯತ್ಯಾಸ ಸರ್. ಹೇಗೆ ನೋಡಿದ್ರೂ ಮೂವತ್ತೆಂಟು ಆಗಲ್ಲ."

"ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು ಇಪ್ಪತ್ಮೂರು ವರ್ಷದಿಂದ ಒಂದೇ ಹೇಳ್ತದ. ಒಂದ್ ದಿನಾನೂ ಬದಲಾಗಿಲ್ಲ. ಈಗ ನೀವೇ ಹೇಳ್ರಿ, ಯಾವುದನ್ನ ನಂಬೋಣು?"

ನಾನು ಚಹಾ ಕುಡಿದೆ.

"ಹಂಗಾದ್ರೆ ತಾರೀಖು ತಿದ್ದಿಸಬಹುದಾ?"

"ಕೆಲಸಕ್ಕ ಸೇರಿದ ಐದು ವರ್ಷದಾಗ ಅರ್ಜಿ ಕೊಡಬೇಕಿತ್ರಿ. ಅವರು ಸೇರಿ ಹದಿನಾಲ್ಕು ವರ್ಷ ಆತು."

"ಅವಳು ಮೂವತ್ತಾರು ವರ್ಷದವಳು ಅಂತ ನಿಮಗೂ ಗೊತ್ತು ಸರ್."

"ನನಗ ಗೊತ್ತಿರೋದಕ್ಕ ಕಲಮಿಲ್ರಿ." ಅವರಿಗೂ ಬೇಸರವಿತ್ತು. ನೀತಿಯ ಪುಸ್ತಕ ತೆರೆದು ನನ್ನ ಕಡೆ ತಿರುಗಿಸಿದರು. "ಇಲ್ನೋಡ್ರಿ, ಹದಿನಾಲ್ಕರಾಗ ಆರನೇ ಉಪಕಲಮು. ದಾಖಲೆಗೂ ದಾಖಲೆಗೂ ಜಗಳ ಬಿದ್ರ, ತೀರ್ಮಾನ ಆಗೋತನಕ ನಿಮ್ಮ ಮಶೀನು ಹೇಳಿದ್ದೇ ವಯಸ್ಸು. ದಾಖಲೆಗೂ ಮಶೀನಿಗೂ ಜಗಳ ಬಿದ್ರ ಏನು ಮಾಡಬೇಕಂತ ಬರದಿಲ್ಲ. ಬರೀಬೇಕಾದ್ರ ನೀತಿ ತಿದ್ದಬೇಕು. ನೀತಿ ತಿದ್ದಬೇಕಾದ್ರ ಸಮಿತಿ ಆಗಬೇಕು." ಅವರು ನಕ್ಕರು. "ಅಷ್ಟೊತ್ತಿಗೆ ನಿಮ್ಮ ನಾದಿನಿಗೆ ಖರೇನ ಮೂವತ್ತೊಂಬತ್ತು ಆಗಿರ್ತದ ಬಿಡ್ರಿ."

ವಾಪಸು ಬರುವ ರೈಲಿನಲ್ಲಿ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ದಾಖಲೆಗೂ ದಾಖಲೆಗೂ ಜಗಳ. ಪಾಲಾಕ್ಷಿ ಹುಟ್ಟಿದ್ದು ಮನೆಯಲ್ಲಿ, ಅವಳದು ಬೇರೆ ದಾಖಲೆ ಇಲ್ಲ. ಆದರೆ ಅತ್ತೆಯ ಮೊದಲ ಹೆರಿಗೆ ಆಸ್ಪತ್ರೆಯಲ್ಲಾಗಿತ್ತು. ಓಬಳೇಶನ ಕಾಗದಪತ್ರಗಳ ನಡುವೆ ಆ ಜನನ ಪತ್ರವನ್ನು ನಾನೇ ನೋಡಿದ್ದೆ. ೨೦೦೧ರ ಫೆಬ್ರವರಿ ಒಂಬತ್ತು.

ಫೆಬ್ರವರಿ ಒಂಬತ್ತಕ್ಕೆ ಒಂದು ಮಗು ಹೆತ್ತ ತಾಯಿ ಅದೇ ವರ್ಷ ಜೂನ್ ಒಂದಕ್ಕೆ ಇನ್ನೊಂದನ್ನು ಹೆರಲಾರಳು. ಹೆಡ್‌ಮೇಷ್ಟ್ರು ಇಬ್ಬರಿಗೂ ಒಂದೇ ತಾರೀಖು ಬರೆದಿದ್ದರಿಂದ ಅವಳಿ ಎಂದು ದಾಖಲೆ ಸುಮ್ಮನಿತ್ತು. ಒಬ್ಬರದು ಸರಿಹೋದರೆ ಇನ್ನೊಬ್ಬರದು ತಾನಾಗಿಯೇ ಸುಳ್ಳಾಗುತ್ತದೆ.

ಬದುಕಿರುವವರ ತಾರೀಖು ತಿದ್ದಲು ಐದು ವರ್ಷದ ಗಡುವು. ಸತ್ತವರ ತಾರೀಖು ತಿದ್ದಲು ಗಡುವಿಲ್ಲ. ವಾರಸುದಾರರು ಅರ್ಜಿ ಕೊಟ್ಟರಾಯಿತು.

ವಾರಸುದಾರಳು ನಾನು.

*

"ಸತ್ತೋರ ವಯಸ್ಸು ಯಾಕಮ್ಮ ತಿದ್ದಿಸ್ತೀರಾ?" ಎಂದು ತಾಲ್ಲೂಕು ಕಚೇರಿಯ ಗುಮಾಸ್ತೆ ನಾಗವೇಣಮ್ಮ ಕೇಳಿದರು. ಐವತ್ತರ ಹೆಂಗಸು. ಮೇಜಿನ ಮೇಲೆ ಮಲ್ಲಿಗೆ ದಂಡೆ ನೀರಿನ ಲೋಟದಲ್ಲಿತ್ತು.

"ಸರಿಯಾಗಿರ್ಲಿ ಅಂತ."

"ನಾಕು ತಿಂಗಳು ದೊಡ್ಡೋರಾದ್ರೆ ಏನು ಬಂತು, ಪಾಪ."

ಅರ್ಜಿ ತಗೊಂಡರು. ಮೇ ಕಳೆಯಿತು. ಜೂನ್ ಒಂದರಂದು ಪಾಲಾಕ್ಷಿ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಜುಲೈ ಹತ್ತರಂದು ಅವಳೂ ಕ್ಯಾಪ್ಟನ್ ಉತ್ತಯ್ಯನವರೂ ಉಡಾವಣೆಯಾದರು. ಅತ್ತೆ ಟಿವಿಯ ಮುಂದೆ ಕೈಮುಗಿದು ನಿಂತಿದ್ದರು. ರಾಕೆಟ್ಟು ಕಾಣದಾದ ಮೇಲೂ ಕೈ ಇಳಿಸಲಿಲ್ಲ.

ಹೋಗುವ ಮುಂಚೆ ಪಾಲಾಕ್ಷಿ ನನಗೆ ಹೇಳಿದ್ದು ಒಂದೇ ಮಾತು. "ಬರ್ದಿದ್ದಾಯ್ತಲ್ಲ. ಅವರು ಬೇಡ ಅಂದ್ರಲ್ಲ. ಇನ್ನು ಬಿಟ್ಬಿಡು ಅತ್ತಿಗೆ."

ಬಿಟ್ಟಿಲ್ಲವೆಂದು ನಾನು ಹೇಳಲಿಲ್ಲ.

ಅರ್ಜಿ ಯಾವ ಹಂತದಲ್ಲಿದೆ ಎಂದು ಪ್ರತಿ ವಾರ ನೋಡುತ್ತಿದ್ದೆ. ಪ್ರತಿ ವಾರವೂ "ಪರಿಶೀಲನೆಯಲ್ಲಿದೆ." ನೀತಿಯ ಮೂರನೆಯ ಕರಡು ನೆನಪಾಗುತ್ತಿತ್ತು.

*

ಡಿಸೆಂಬರ್ ಎಂಟರ ಬೆಳಿಗ್ಗೆ ಸೂರ್ಯನ ಮೇಲೆ ದೊಡ್ಡ ಸ್ಫೋಟವಾಯಿತು. ನಲವತ್ತು ನಿಮಿಷದ ಎಚ್ಚರಿಕೆ ಸಿಕ್ಕಿತು. ಮಜಲಿನಲ್ಲಿ ಅಂಥ ಹೊತ್ತಿಗೆಂದು ಒಂದು ಗೂಡಿದೆ. ಉಗ್ರಾಣದ ನಡುವೆ ಇಬ್ಬರು ಮುದುಡಿ ಕೂರುವಷ್ಟು ಜಾಗ. ಸುತ್ತ ನೀರಿನ ಚೀಲ, ಊಟದ ಪೊಟ್ಟಣ, ಕಟ್ಟಿಟ್ಟ ಕಸ. ವಿಕಿರಣ ತಡೆಯಲು ನೀರಿಗಿಂತ ಅಗ್ಗವಾದದ್ದಿಲ್ಲ. ಅಲ್ಲಿ ಅವರಿಬ್ಬರೂ ಮೂವತ್ತೊಂದು ಗಂಟೆ ಕೂತರು.

ನಿಯಂತ್ರಣ ಕೊಠಡಿಯಲ್ಲಿ ನನ್ನ ಪಕ್ಕದ ಮೇಜು ನಸ್ರೀನಳದು. ಯಾತ್ರಿಗಳೊಂದಿಗೆ ಮಾತಾಡುವ ಕೆಲಸ ಅವಳದು.

"ಮಜಲು, ಹೇಗಿದೀರಾ?"

ಎರಡೂವರೆ ಸೆಕೆಂಡಿನ ನಂತರ ಪಾಲಾಕ್ಷಿಯ ದನಿ. "ಕ್ಯಾಪ್ಟನ್ ಸಾಹೇಬ್ರು ಗೊರಕೆ ಹೊಡೀತವರೆ. ಬೆನ್ನಿಗೆ ಹೋದ ತಿಂಗಳ ಕಸ, ಮುಖಕ್ಕೆ ಈ ತಿಂಗಳ ಉಪ್ಪಿಟ್ಟು. ಅಂಕದ ಮೇಡಂ ಅವ್ರು ಕೂತವ್ರಾ ಅಲ್ಲಿ?"

"ಕೂತಿದಾರೆ."

"ಅವ್ರಿಗೆ ಹೇಳಿ, ನಾನು ದೊಡ್ಡೋಳಾಗಿ ಬಿಟ್ಟೆ ಅಂತ."

ಕೊಠಡಿಯಲ್ಲಿ ನಕ್ಕರು. ಅವಳು ಏನನ್ನು ಹೇಳಿದಳೆಂದು ನನಗೆ ಮಾತ್ರ ಗೊತ್ತಿತ್ತು.

ಆ ಸೌರ ಬಿರುಗಾಳಿ ನಿಂತ ಮೇಲೆ ಪಾಲಾಕ್ಷಿಯ ಅಂಕ ಬಂತು. ಹಿಂದಿನ ಕೆಳಕಕ್ಷೆಯ ಯಾನಗಳದು ನೂರ ಮೂವತ್ತು. ಈ ಯಾನದ ನೂರೈವತ್ತೆರಡು ದಿನಗಳದು ನೂರ ಅರವತ್ತೇಳು. ಬಿರುಗಾಳಿಯದು ಇನ್ನೂರ ನಲವತ್ತೊಂಬತ್ತು. ಒಟ್ಟು ಐನೂರ ನಲವತ್ತಾರು. ಉತ್ತಯ್ಯನವರಿಗೆ ನಲವತ್ತೆರಡು ವರ್ಷ, ಅವರಿಗಿನ್ನೂ ಬೇಕಾದಷ್ಟು ಉಳಿದಿತ್ತು. ಉಡಾವಣೆಯ ದಿನದ ವಯಸ್ಸಿಗೇ ಮಿತಿ, ಹಾಗಾಗಿ ಪಾಲಾಕ್ಷಿಯ ನಿಜವಾದ ಮಿತಿ ಐನೂರ ನಲವತ್ತು. ದಾಟಿಹೋಗಿತ್ತು. ನನ್ನ ಪರದೆಯಲ್ಲಿ ಮಾತ್ರ ಹಸಿರು ದೀಪ ತಣ್ಣಗೆ ಉರಿಯುತ್ತಿತ್ತು. ಪರದೆಗೆ ವಯಸ್ಸನ್ನು ನಾವು ಕೊಡುವಂತಿಲ್ಲ. ದಿನವೂ ಬೆಳಿಗ್ಗೆ ಹತ್ತಕ್ಕೆ ನಾಗರಿಕ ದಾಖಲೆಯಿಂದ ತಾನೇ ಇಳಿಯುತ್ತದೆ. ವಯಸ್ಸು ಮೂವತ್ತೊಂಬತ್ತು, ಮಿತಿ ಆರುನೂರು, ಉಳಿದದ್ದು ಐವತ್ತನಾಲ್ಕು.

ಸಂಜೆ ಹಂಜಿಯವರು ಪರದೆಯ ಮೇಲೆ ಬಂದರು.

"ಮೇಡಂ, ಜನವರಿ ಇಪ್ಪತ್ತಾರಕ್ಕ ಮಜಲಿನಿಂದ ಧ್ವಜವಂದನೆ ಅಂತ ಮ್ಯಾಲಿಂದ ಹೇಳ್ಯಾರ. ಅಲ್ಲೀತನಕ ಇರಬಹುದಲ್ರಿ?"

"ನಲವತ್ತೆಂಟು ದಿನ ಸರ್. ಐವತ್ಮೂರು ಅಂಕ."

"ಅಂದ್ರ ಐನೂರ ತೊಂಬತ್ತೊಂಬತ್ತು. ಒಂದು ಉಳೀತದಲ್ಲ!"

"ವಾಪಸು ಬರೋ ಐದು ದಿನ?"

ಅವರು ಪಕ್ಕದಲ್ಲಿದ್ದ ಯಾರನ್ನೋ ಕೇಳಿದರು. "ಕಲಮಿನಾಗ 'ದೂರಕಕ್ಷೆಯಲ್ಲಿ ತಂಗುವ ಅವಧಿ' ಅಂತ ಅದರಿ. ಪ್ರಯಾಣ ಬ್ಯಾರೆ."

"ವಿಕಿರಣಕ್ಕೆ ಗೊತ್ತಾ ಸರ್, ಪ್ರಯಾಣ ಬೇರೆ ಅಂತ?"

"ಮೇಡಂ, ನನ್ನ ಕೈಯಾಗ ಏನೈತಿ ಹೇಳ್ರಿ. ನಿಮ್ಮ ಪರದೆ ಕೆಂಪಾದ್ರ ಒಂದ್ ಗಂಟೆನಾಗ ವಾಪಸು ಕರಸ್ತೀನಿ. ಯಾರು ಏನಂದ್ರೂ ಕೇಳಂಗಿಲ್ಲ. ಹಸಿರಿದ್ರ ಏನು ಮಾಡ್ಲಿ?"

*

ಮರುದಿನ ಬೆಳಿಗ್ಗೆಯೇ ತಾಲ್ಲೂಕು ಕಚೇರಿಗೆ ಹೋದೆ. ನಾಗವೇಣಮ್ಮ ಕಂಪ್ಯೂಟರ್ ನೋಡಿ ಹಣೆ ಗಂಟಿಕ್ಕಿದರು.

"ಎಲ್ಲಾ ಆಗಿದೆಯಲ್ಲಮ್ಮ. ಕೊನೇ ಹಂತ ಬಾಕಿ. ಮುಖ ದೃಢೀಕರಣ. ಅವರೇ ಬರಲಿಲ್ಲ."

"ಯಾರು?"

"ಓಬಳೇಶ್ ಅವರು. ಮೂರು ಸಲ ಮೆಸೇಜ್ ಹೋಗಿದೆ ಅವರ ನಂಬರಿಗೆ. ಮೇ, ಆಗಸ್ಟ್, ಅಕ್ಟೋಬರ್. ಬರ್ಲೇ ಇಲ್ಲ ನೋಡಿ."

ನಾನು ಅವರ ಮುಖವನ್ನೇ ನೋಡಿದೆ. ಅವರಿಗೇ ಹೊಳೆಯಿತು. ಕೈ ಬಾಯಿಗೆ ಹೋಯಿತು.

"ಅಯ್ಯೋ ಶಿವನೇ. ಕ್ಷಮಿಸಿ. ತಿದ್ದುಪಡಿ ಯಾರದ್ದೋ ಅವರ ಮುಖಾನೇ ಕೇಳುತ್ತೆ ಇದು. ಸತ್ತೋರಿಗೆ ಅಂತ ಬೇರೆ ದಾರಿನೇ ಇಟ್ಟಿಲ್ಲ."

"ಫೋಟೊ ಇದೆ."

ಕೈಚೀಲದಲ್ಲಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೊವನ್ನು ಕ್ಯಾಮೆರಾದ ಮುಂದೆ ಹಿಡಿದೆ. ಯಂತ್ರ ಅದರ ಸುತ್ತ ಹಸಿರು ಚೌಕ ಬರೆಯಿತು. ಹೆಣ್ಣು ದನಿಯಲ್ಲಿ ಹೇಳಿತು: ದಯವಿಟ್ಟು ಕಣ್ಣು ಮಿಟುಕಿಸಿ.

ಕಾದೆವು.

ದಯವಿಟ್ಟು ಕಣ್ಣು ಮಿಟುಕಿಸಿ.

"ತೆಗೀರಮ್ಮ," ಎಂದರು ನಾಗವೇಣಮ್ಮ. "ಬೇಡ, ತೆಗೀರಿ."

ದೃಢೀಕರಣ ವಿಫಲವಾಗಿದೆ, ಎಂದಿತು ಯಂತ್ರ. ದಿನಕ್ಕೆ ಮೂರು ಅವಕಾಶ. ಎರಡು ಉಳಿದಿದ್ದವು.

ಮನೆಗೆ ಹೋದೆ. ಬೀರುವಿನ ಕೆಳಗಿನ ಖಾನೆಯಲ್ಲಿ ಅವನ ಫೋನಿತ್ತು. ಲಾರಿ ಹೊಡೆದ ದಿನ ಅದು ಮನೆಯಲ್ಲೇ ಉಳಿದಿತ್ತು, ಚಾರ್ಜಿಗೆ ಹಾಕಿದ್ದ. ಅದರ ನಂಬರಿಗೆ ಹಣ ಕಟ್ಟುವುದನ್ನು ನಾನು ನಿಲ್ಲಿಸಿರಲಿಲ್ಲ. ತೆರೆದೂ ನೋಡಿರಲಿಲ್ಲ. ಮತ್ತೆ ಚಾರ್ಜಿಗೆ ಹಾಕಿ ಮುಂದೆ ಕೂತೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಒಂದು ಲೋಟ ಮಜ್ಜಿಗೆ ತಂದಿಟ್ಟು ಹೋದರು.

ಫೋನ್ ಎದ್ದಿತು. ತಾಲ್ಲೂಕು ಕಚೇರಿಯ ಮೂರು ಮೆಸೇಜುಗಳು ಒಂದರ ಹಿಂದೊಂದು ಬಂದು ಬಿದ್ದವು. ಸನ್ಮಾನ್ಯ ಓಬಳೇಶ್ ಅವರೇ, ಖುದ್ದಾಗಿ ಹಾಜರಾಗತಕ್ಕದ್ದು.

ವಿಡಿಯೊಗಳಲ್ಲಿ ಕೊನೆಯದು ೨೦೩೮ರ ಜೂನ್ ಒಂದರದು. ಸಾಯುವುದಕ್ಕೆ ಹನ್ನೆರಡು ದಿನ ಮುಂಚೆ.

ಮಧ್ಯಾಹ್ನ ಮೂರಕ್ಕೆ ಮತ್ತೆ ಕ್ಯಾಮೆರಾದ ಮುಂದೆ ನಿಂತೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ವಿಡಿಯೊ ಹಾಕಿದೆ. ಓಬಳೇಶ ಶಾಲೆಯ ಜಗಲಿಯ ಮೇಲೆ ನಿಂತಿದ್ದ, ಮುಖದ ಮೇಲೆ ಬಿಸಿಲು. "ಏಯ್ ಪಾಲಿ," ಎಂದ. "ಹೆಡ್‌ಮೇಷ್ಟ್ರ ಹಬ್ಬದ ಶುಭಾಶಯ. ನಾನು ನಿನಗಿಂತ ಅರ್ಧ ಗಂಟೆ ದೊಡ್ಡೋನು, ನೆನಪಿರ್ಲಿ. ನಮಸ್ಕಾರ ಮಾಡು."

ದಯವಿಟ್ಟು ಕಣ್ಣು ಮಿಟುಕಿಸಿ.

ಅವನಿಗೆ ಬಿಸಿಲು ತಾಗಿತ್ತು. ಕಣ್ಣು ಮಿಟುಕಿಸಿದ.

ದೃಢೀಕರಿಸಲಾಗಿದೆ, ಎಂದಿತು ಯಂತ್ರ. ಧನ್ಯವಾದಗಳು, ಓಬಳೇಶ್.

ನಾಗವೇಣಮ್ಮ ಕಡತವನ್ನು ತಾವೇ ಎತ್ತಿಕೊಂಡು ತಹಶೀಲ್ದಾರರ ಕೋಣೆಗೆ ಹೋದರು. ಹೊರಬಂದಾಗ ಸಹಿಯಾಗಿತ್ತು.

*

ಮರುದಿನ ಹತ್ತು ಗಂಟೆಗೆ ನನ್ನ ಪರದೆ ಕೆಂಪಾಯಿತು.

ಅಸಂಭವ, ಎಂದಿತ್ತು ಪಾಲಾಕ್ಷಿಯ ಹೆಸರಿನ ಮುಂದೆ. ಒಂದೇ ತಾಯಿಗೆ ನಾಲ್ಕು ತಿಂಗಳ ಅಂತರದಲ್ಲಿ ಎರಡು ಮಕ್ಕಳು. ದಾಖಲೆಗಳು ಪರಸ್ಪರ ವಿರುದ್ಧ. ಹದಿನಾಲ್ಕರ ಆರನೇ ಉಪಕಲಮಿನಂತೆ ಕೋಶಗಡಿಯಾರದ ವಯಸ್ಸು ಜಾರಿಗೆ. ಮಿತಿ ಐನೂರ ನಲವತ್ತು. ಮೀರಿದೆ.

"ಮೇಡಂ, ಏನಾದ್ರೂ ಮುಟ್ಟಿದ್ರಾ?" ಎಂದಳು ನಸ್ರೀನ್.

"ಇಲ್ಲಿ ಮುಟ್ಟಿಲ್ಲ," ಎಂದೆ.

ಹಂಜಿಯವರು ಮಾತಿಗೆ ತಪ್ಪಲಿಲ್ಲ. ನಲವತ್ತು ನಿಮಿಷದಲ್ಲಿ ಆದೇಶ ಹೊರಬಿತ್ತು. ಕೆಳಗೆ ಅವರೇ ಒಂದು ಸಾಲು ಸೇರಿಸಿದ್ದರು: ಧ್ವಜವಂದನೆಯನ್ನು ಎಂದಿನಂತೆ ಭೂಮಿಯ ಮೇಲೆ ನಡೆಸತಕ್ಕದ್ದು.

ಮಧ್ಯಾಹ್ನ ಪಾಲಾಕ್ಷಿ ಖಾಸಗಿ 'ಲೈನ್' ಕೇಳಿದಳು. ಮನೆಯವರೊಂದಿಗೆ ಮಾತಾಡಲು ಯಾತ್ರಿಗಳಿಗೆ ವಾರಕ್ಕೆ ಐದು ನಿಮಿಷವಿದೆ. ಅದನ್ನು ನನಗೆ ಕೊಡಲು ಹೇಳಿದಳು. ಪಟ್ಟಿಯಲ್ಲಿಲ್ಲ ಎಂದರು. "ಹಂಗಾದ್ರೆ ಅಂಕದ ಮೇಡಂಗೆ ಕೊಡಿ," ಎಂದಳು.

"ಇದು ನೀನೇ ತಾನೆ, ಅತ್ತಿಗೆ?"

"ಹೂಂ."

"ನನ್ನ ತಾರೀಖು ಮುಟ್ಟಾಕಾಗಲ್ಲ ಅಂದಿದ್ರಲ್ಲ."

"ನಿಂದು ಮುಟ್ಟಿಲ್ಲ."

ಎರಡೂವರೆ ಸೆಕೆಂಡು ಕಳೆಯಿತು. ಅದಕ್ಕಿಂತ ಹೆಚ್ಚೇ ಕಳೆಯಿತು.

"ಅಣ್ಣಂದು ಮುಟ್ಟಿದ್ಯಾ?"

ನಾನು ಉತ್ತರ ಕೊಡುವ ಮೊದಲೇ ಅವಳು ಇಟ್ಟುಬಿಟ್ಟಳು. ಐದು ನಿಮಿಷದಲ್ಲಿ ನಾಲ್ಕು ಉಳಿದಿದ್ದವು.

*

ಡಿಸೆಂಬರ್ ಹದಿನೇಳಕ್ಕೆ ಇಳಿದಳು. ಒಟ್ಟು ಐನೂರ ಐವತ್ತನಾಲ್ಕು ಅಂಕ. ಪತ್ರಿಕೆಗಳು "ತಾಂತ್ರಿಕ ಕಾರಣ" ಎಂದು ಬರೆದವು. ಮಂಡಳಿ ಒಂದು ಸಮಿತಿ ಮಾಡಿತು. ಸಮಿತಿಯ ಮೊದಲ ಶಿಫಾರಸು, ಜೂನ್ ಒಂದಕ್ಕೆ ಹುಟ್ಟಿದವರು ಇನ್ನು ಮುಂದೆ ಅರ್ಜಿ ಹಾಕುವಂತಿಲ್ಲ ಎಂಬುದು. ಸಮಿತಿಯ ಅಧ್ಯಕ್ಷರೇ ಜೂನ್ ಒಂದಕ್ಕೆ ಹುಟ್ಟಿದವರೆಂದು ಗೊತ್ತಾಗಿ ಅದನ್ನು ಕೈಬಿಟ್ಟರು.

ಪಾಲಾಕ್ಷಿ ಊರಿಗೆ ಬರುತ್ತಿದ್ದಳು, ಉಣ್ಣುತ್ತಿದ್ದಳು, ಅಮ್ಮನ ಜೊತೆ ಶೇಂಗಾ ಆರಿಸುತ್ತಿದ್ದಳು. ನನ್ನ ಜೊತೆ ಮಾತಿಲ್ಲ. ನಾನೂ ಎಳೆದು ಮಾತಾಡಿಸಲಿಲ್ಲ. ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಬರೆದು ಅವಳ ತಟ್ಟೆಯ ಪಕ್ಕ ಇಟ್ಟೆ. ೨೦೪೪ರ ಜುಲೈಗೆ ನಿಜವಾದ ವಯಸ್ಸು ನಲವತ್ತು. ಮಿತಿ ಆರುನೂರ ಇಪ್ಪತ್ತು. ಉಳಿಯುವುದು ಅರವತ್ತಾರು. ಅವಳು ಓದಿದಳು, ಮಡಚಿದಳು, ಕುಪ್ಪಸದೊಳಗೆ ಇಟ್ಟುಕೊಂಡಳು.

ಮಾರ್ಚ್‌ನಲ್ಲಿ ತಾಲ್ಲೂಕು ಕಚೇರಿಯಿಂದ ಕರೆ ಬಂತು. ವಿವಾದ ತೀರಬೇಕಾದರೆ ಹೊಸ ತಾರೀಖು ದಾಖಲಾಗಬೇಕು, ತಾಯಿ ಸಾಕ್ಷಿ ಹೇಳಬೇಕು. ಮೂವರೂ ಹೋದೆವು. ನಾಗವೇಣಮ್ಮ ಅತ್ತೆಗೆ ಕುರ್ಚಿ ಕೊಟ್ಟರು.

"ಯಾವತ್ತು ಹುಟ್ಟಿದ್ದಮ್ಮ ನಿಮ್ಮ ಮಗಳು?"

"ಶೇಂಗಾ ಬಡಿದು ಮುಗಿದ ವಾರ."

"ತಾರೀಖು?"

"ಶೇಂಗಾಕ್ಕೆ ತಾರೀಖು ಎಲ್ಲಿರ್ತದವ್ವ?"

ನಾಗವೇಣಮ್ಮ ನನ್ನ ಕಡೆ ನೋಡಿದರು. ಕೋಶಗಡಿಯಾರದ ವರದಿ ಕೊಟ್ಟೆ. ೨೦೦೩ರ ಡಿಸೆಂಬರ್, ಎರಡು ತಿಂಗಳು ಆಚೀಚೆ. ಅವರು ತಲೆ ಅಲ್ಲಾಡಿಸಿದರು. "ಇದು ಆಚೀಚೆ ಒಪ್ಪಲ್ಲಮ್ಮ. ದಿನ ಬೇಕು, ಒಂದೇ ದಿನ." ಅನುಮಾನಿಸುತ್ತಾ ಸೇರಿಸಿದರು: "ಗೊತ್ತಿಲ್ಲ ಅಂದ್ರೆ... ಜೂನ್ ಒಂದು ಅಂತ ಹಾಕ್ಲಾ? ಎಲ್ರೂ ಅದನ್ನೇ ಹಾಕಿಸ್ತಾರೆ. ಕಂಪ್ಯೂಟರು ಬೇಗ ತಗೊಳ್ಳತ್ತೆ."

ಪಾಲಾಕ್ಷಿ ತಿರುಗಿ ನನ್ನನ್ನು ನೋಡಿದಳು. ಮೂರು ತಿಂಗಳಲ್ಲಿ ಮೊದಲ ಸಲ. ಅವಳ ಕೆನ್ನೆ ನಡುಗಿತು. ಸಿಟ್ಟೋ ಅಳುವೋ ಎಂದುಕೊಂಡೆ. ನಗು. ತಡೆಯಲಾಗದೆ ಮೇಜು ಹಿಡಿದುಕೊಂಡು ನಕ್ಕಳು.

"ಹಾಕಿ," ಎಂದಳು. "ಜೂನ್ ಒಂದು."

"ವರ್ಷ?"

"ಎರಡು ಸಾವಿರದ ನಾಕು."

ನಿಜಕ್ಕಿಂತ ಆರು ತಿಂಗಳು ಚಿಕ್ಕವಳಾದಳು. ಅಂಕದ ಲೆಕ್ಕದಲ್ಲಿ ಚಿಕ್ಕವಳಾಗಿ ತಪ್ಪಿದರೆ ಅಪಾಯವಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಕೂತರು. ಪಾಲಾಕ್ಷಿ ರಸೀತಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಹಳೆಯ ತಾರೀಖು ಜೂನ್ ಒಂದು, ಹೊಸ ತಾರೀಖು ಜೂನ್ ಒಂದು.

"ಈಗ ಈ ತಾರೀಖಿಗೆ ನಾನೊಬ್ಳೇ ಉಳ್ಕಂಡೆ," ಎಂದಳು. ಆಮೇಲೆ, "ಅಣ್ಣನ ವಿಡಿಯೊ ಐತಂತಲ್ಲ. ಒಳಗೆ ಆ ಗುಮಾಸ್ತೆ ಮೇಡಂ ಹೇಳಿದ್ರು."

"ನಿನಗೇ ಮಾಡಿದ್ದು ಅದು. ಕಳಿಸೋದು ಮರ್ತಿದ್ದ."

"ತೋರ್ಸು."

ಫೋನ್ ಕೊಟ್ಟೆ. ಬಿಸಿಲಿಗೆ ಪರದೆ ಕಾಣಲಿಲ್ಲ. ಅವಳು ಸೆರಗನ್ನು ಮರೆ ಹಿಡಿದಳು, ನಾನೂ ಬಗ್ಗಿದೆ. ಏಯ್ ಪಾಲಿ, ಎಂದ ಓಬಳೇಶ. ಅರ್ಧ ಗಂಟೆ ದೊಡ್ಡೋನು, ಎಂದ. ನಮಸ್ಕಾರ ಮಾಡು, ಎಂದ.

"ಮೂರು ವರ್ಷ ದೊಡ್ಡೋನು ಕಣೋ ನೀನು," ಎಂದಳು ಪಾಲಾಕ್ಷಿ.

ಅವನು ಕಣ್ಣು ಮಿಟುಕಿಸಿದ.